ಬ್ಯಾಂಕಿನ ಹರಾಜಿನ ಕಾರು: ಎಲ್ಲಿಯವರೆಗೆ ಕೂಗಬೇಕು, ಎಲ್ಲಿ ಕೈ ಬಿಡಬೇಕು?

ಪ್ರಶ್ನೆ: ನಮ್ಮದು ಗೌರಿಬಿದನೂರು ತಾಲ್ಲೂಕು. ಸಾಲದ ಕಂತು ಕಟ್ಟದೆ ಬ್ಯಾಂಕು ಎಳೆದುಕೊಂಡು ಬಂದಿರುವ 2017ರ ಸ್ವಿಫ್ಟ್ ಡೀಸೆಲ್ ಕಾರೊಂದು ಆನ್‌ಲೈನ್ ಹರಾಜಿಗೆ ಬಂದಿದೆ. ತುಮಕೂರು ರಿಜಿಸ್ಟ್ರೇಷನ್, ಕೆಎ 06. ಗಾಡಿ ನೆಲಮಂಗಲದ ಹತ್ತಿರದ ಯಾರ್ಡಿನಲ್ಲಿ ನಿಂತಿದೆ. ಮೂಲ ಬೆಲೆ 2.80 ಲಕ್ಷ ಅಂತ ಹಾಕಿದ್ದಾರೆ, ಹೊರಗೆ ಇಂಥದೇ ಕಾರು 4.20 ಲಕ್ಷಕ್ಕೆ ಮಾರಾಟವಾಗುತ್ತಿದೆ. ಕೊಳ್ಳಬಹುದೆ? ಸರ್ಕಾರಿ ಕಚೇರಿಯ ಹಳೇ ಜೀಪು, ಪೊಲೀಸ್ ಠಾಣೆಯ ಬೈಕುಗಳೂ ಆಗಾಗ ಹರಾಜಿಗೆ ಬರುತ್ತವೆ. ಅವುಗಳ ಕಥೆ ಏನು?

ಉತ್ತರ: ಕಾರಿಗೆ ಕೈ ಹಾಕಬಹುದು, ಆದರೆ ನಿಮ್ಮ ಲೆಕ್ಕದಲ್ಲಿರುವ 1.40 ಲಕ್ಷದ ಲಾಭ ಅಲ್ಲಿಲ್ಲ. ಜೀಪನ್ನು ಬಹುಮಟ್ಟಿಗೆ ಮರೆತುಬಿಡಿ. ಬೈಕಿನ ವಿಚಾರ ಪೂರ್ತಿ ಕಾಗದದ ಮೇಲೆ ನಿಂತಿದೆ. ಮೂರೂ ಹರಾಜೇ ಆದರೂ ಕಾನೂನು ಬೇರೆ, ತುಂಬಬೇಕಾದ ಫಾರಂ ಬೇರೆ. ಇದು ತಿಳಿಯದೆ ದುಡ್ಡು ಕಟ್ಟಿದವರ ಗಾಡಿಗಳು ಎರಡು ಮೂರು ವರ್ಷವಾದರೂ ಹಳೇ ಮಾಲೀಕರ ಹೆಸರಲ್ಲೇ ಓಡಾಡುತ್ತಿರುತ್ತವೆ.

ಕಾರಿನಿಂದ ಶುರು ಮಾಡೋಣ. ಯಾರ್ಡಿಗೆ ಹೋಗುವ ಮೊದಲು ಗಾಡಿ ನಂಬರನ್ನು ಕೇಂದ್ರ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿ. ಅಲ್ಲಿ ಫೈನಾನ್ಸ್ ಯಾರ ಹೆಸರಲ್ಲಿದೆಯೋ ಅವರೇ ಹರಾಜು ಹಾಕುತ್ತಿರಬೇಕು. ಬೇರೆ ಹೆಸರಿದ್ದರೆ ಸಾಲ ಹೇಗೆ ಕೈ ಬದಲಾಯಿತು ಎಂಬುದಕ್ಕೆ ಪತ್ರ ಕೇಳಿ, ಕೊಡದಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಬ್ಲ್ಯಾಕ್‌ಲಿಸ್ಟ್ ಎಂದು ಏನಾದರೂ ಇದೆಯೇ ನೋಡಿ. ಇನ್ಷೂರೆನ್ಸ್ ಮತ್ತು ಎಮಿಷನ್ ಮುಗಿದ ತಾರೀಕನ್ನು ಬರೆದಿಟ್ಟುಕೊಳ್ಳಿ. ಆ ತಾರೀಕುಗಳು ಗಾಡಿಯ ಆರೋಗ್ಯವನ್ನೂ ಹೇಳುತ್ತವೆ. ಕೈಯಲ್ಲಿ ಕಾಸಿಲ್ಲದ ಮಾಲೀಕ ಕಂತು ನಿಲ್ಲಿಸುವುದಕ್ಕೆ ಎಷ್ಟೋ ಮುಂಚೆಯೇ ಆಯಿಲ್ ಬದಲಿಸುವುದನ್ನು ನಿಲ್ಲಿಸಿರುತ್ತಾನೆ. ಇನ್ಷೂರೆನ್ಸ್ ತಪ್ಪಿ ಒಂದೂವರೆ ವರ್ಷವಾಗಿದ್ದರೆ, ಎಂಜಿನ್ನಿನಲ್ಲಿರುವುದು ಅದಕ್ಕಿಂತ ಹಳೆಯ ಆಯಿಲ್ ಎಂದೇ ಲೆಕ್ಕ ಹಾಕಿ. ಇ-ಚಲನ್ ಪೋರ್ಟಲ್‌ನಲ್ಲಿ ಬಾಕಿ ದಂಡಗಳನ್ನೂ ನೋಡಿ. ಸಿಗ್ನಲ್ ಕ್ಯಾಮೆರಾಗಳ ದಂಡ ಗಾಡಿ ನಂಬರಿಗೆ ಅಂಟಿಕೊಂಡೇ ಬರುತ್ತದೆ. 2019ರ ಏಪ್ರಿಲ್‌ಗಿಂತ ಹಿಂದಿನ ಗಾಡಿಯಾದ್ದರಿಂದ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ನಂಬರ್ ಪ್ಲೇಟ್ ಹಾಕಿಸಿದ್ದಾರೆಯೇ ಎಂದೂ ಕೇಳಿ.

ಮುಂದಿನದು ವರ್ಗಾವಣೆ. ಸರ್ಕಾರಿ ಹರಾಜಿನ ಫಾರಂ 32 ಬ್ಯಾಂಕಿನ ಗಾಡಿಗೆ ನಡೆಯುವುದಿಲ್ಲ. ಹಲವರು ಎಡವುವುದು ಇಲ್ಲೇ. ಬ್ಯಾಂಕಿನ ಗಾಡಿಗೆ ಎರಡು ದಾರಿಗಳಿವೆ. ಹಳೇ ಮಾಲೀಕ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ ಆರ್‌ಸಿಯನ್ನೂ ಒಪ್ಪಿಸಿದ್ದರೆ ದಾರಿ ಸಲೀಸು. ಅದರ ಜೊತೆ ಬ್ಯಾಂಕಿನ ಫಾರಂ 35 ಮತ್ತು ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಸೇರಿದರೆ ಆರ್‌ಸಿಯಲ್ಲಿರುವ ಎಚ್‌ಪಿ, ಅಂದರೆ ಸಾಲದ ನಮೂದು, ರದ್ದಾಗಿ ಗಾಡಿ ನಿಮ್ಮ ಹೆಸರಿಗೆ ಬರುತ್ತದೆ. ಮಾಲೀಕ ತಲೆ ಮರೆಸಿಕೊಂಡಿದ್ದರೆ ಅಥವಾ ಆರ್‌ಸಿ ಕೊಡಲು ಒಪ್ಪದಿದ್ದರೆ, ಮೋಟಾರು ವಾಹನ ಕಾಯ್ದೆಯ 51ನೇ ಕಲಂ ಪ್ರಕಾರ ಬ್ಯಾಂಕು ಫಾರಂ 36ರಲ್ಲಿ ಅರ್ಜಿ ಹಾಕಿ ಹೊಸ ಆರ್‌ಸಿಯನ್ನು ಮೊದಲು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಆರ್‌ಟಿಒ ಹಳೇ ಮಾಲೀಕನಿಗೆ ನೋಟಿಸ್ ಕಳಿಸಿ ಹೇಳಿಕೆ ಕೊಡಲು ಅವಕಾಶ ಕೊಡಬೇಕಾದ್ದರಿಂದ ಇದು ವಾರದಲ್ಲಿ ಮುಗಿಯುವ ಕೆಲಸವಲ್ಲ. ಮೇಲಾಗಿ ಆರ್‌ಸಿಯಲ್ಲಿ ಮಾಲೀಕರ ಸಂಖ್ಯೆ ಒಂದು ಹೆಚ್ಚುತ್ತದೆ, ನಾಳೆ ನೀವು ಮಾರುವಾಗ ಅದು ಬೆಲೆಗೆ ಹೊಡೆತ. ಹಾಗಾಗಿ ಕೂಗುವ ಮೊದಲೇ ಬ್ಯಾಂಕಿನವರನ್ನು ಬಿಡಿಸಿ ಕೇಳಿ: ಆರ್‌ಸಿ ಕೈಯಲ್ಲಿದೆಯೆ? 29, 30ಕ್ಕೆ ಸಹಿ ಆಗಿದೆಯೆ? ಇಲ್ಲದಿದ್ದರೆ ಫಾರಂ 36 ಯಾವ ಹಂತದಲ್ಲಿದೆ? ಉತ್ತರ ಇ-ಮೇಲ್‌ನಲ್ಲಿ ಬರಲಿ. ಯಾರ್ಡಿನ ಹುಡುಗ 'ಎಲ್ಲಾ ಆಗುತ್ತೆ ಬನ್ನಿ ಸಾರ್' ಎಂದದ್ದು ಉತ್ತರವಲ್ಲ.

ನಿಮ್ಮ ಕಾರು ನಮ್ಮ ರಾಜ್ಯದ್ದೇ ಆದ್ದರಿಂದ ನಂಬರ್ ಬದಲಾಗುವುದಿಲ್ಲ, ಜೀವಿತಾವಧಿ ತೆರಿಗೆಯನ್ನು ಮತ್ತೆ ಕಟ್ಟಬೇಕಿಲ್ಲ. ಕೋಲಾರ, ಮುಳಬಾಗಿಲು ಕಡೆಯ ಓದುಗರಿಗೆ ಈ ಮಾತು ಅನ್ವಯಿಸುವುದಿಲ್ಲ. ಗಡಿಯಾಚೆಯ ಟಿಎನ್, ಎಪಿ ಗಾಡಿಗಳು ಅಲ್ಲಿ ಅಗ್ಗಕ್ಕೆ ಕಾಣುತ್ತವೆ. ಅವುಗಳಿಗೆ ಮೂಲ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ಬೇಕು, ಇಲ್ಲಿ ಗಾಡಿಯ ವಯಸ್ಸಿನ ಪ್ರಕಾರ ತೆರಿಗೆ ಕಟ್ಟಬೇಕು. ದೆಹಲಿಯ 10 ವರ್ಷ ತುಂಬುತ್ತಿರುವ ಡೀಸೆಲ್ ಕಾರುಗಳು ಅಷ್ಟು ಅಗ್ಗಕ್ಕೆ ಸಿಗುತ್ತಿದ್ದುದೂ ಅಲ್ಲಿ ಅವುಗಳ ಮೇಲೆ ಹಾಕಿದ್ದ ನಿರ್ಬಂಧದಿಂದ. ತೆರಿಗೆ ಸೇರಿಸಿ ನೋಡಿದರೆ ಆ ಅಗ್ಗ ಅರ್ಧಕ್ಕರ್ಧ ಕರಗುತ್ತದೆ.

ಇನ್ನು ಯಾರ್ಡು. ಹರಾಜಿನ ಗಾಡಿಯನ್ನು ಓಡಿಸಿ ನೋಡಲು ಬಿಡುವುದಿಲ್ಲ, ಸ್ಟಾರ್ಟ್ ಮಾಡಲು ಬಿಟ್ಟರೇ ಪುಣ್ಯ. ಷರತ್ತಿನಲ್ಲಿ 'ಎಲ್ಲಿದೆಯೋ ಅಲ್ಲೇ, ಹೇಗಿದೆಯೋ ಹಾಗೇ' ಎಂದಿರುತ್ತದೆ. ಆಮೇಲೆ ಗೇರ್‌ಬಾಕ್ಸ್ ಕೆಟ್ಟಿದೆ ಎಂದು ದೂರಿದರೆ ಕೇಳುವವರಿಲ್ಲ. ಹಾಗಾಗಿ ನೋಡಲು ಬಿಟ್ಟಿರುವ ದಿನ ಮೆಕ್ಯಾನಿಕ್ ಒಬ್ಬರನ್ನು ದಿನಗೂಲಿ ಕೊಟ್ಟಾದರೂ ಕರೆದುಕೊಂಡು ಹೋಗಿ. ಜೊತೆಗೆ ಟಾರ್ಚ್, ಮಲ್ಟಿಮೀಟರ್, ಜಂಪ್ ಕೇಬಲ್ ಮತ್ತು ಚಾರ್ಜ್ ಇರುವ ಬ್ಯಾಟರಿ, ಬಟ್ಟೆ ಸುತ್ತಿದ ಅಯಸ್ಕಾಂತ, ಗಾಡಿಯ ಕಂಪ್ಯೂಟರಿನಲ್ಲಿರುವ ದೋಷದ ಕೋಡ್ ಓದುವ, ಮೊಬೈಲಿಗೆ ಜೋಡಿಸುವ ಒಬಿಡಿ ಸ್ಕ್ಯಾನರ್, ಮತ್ತೆ ಒಂದು ಹಳೇ ಬಿಳಿ ಬಟ್ಟೆ ಇರಲಿ.

ಬಾನೆಟ್ ತೆಗೆದ ಕೂಡಲೇ ಎಂಜಿನ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಯಾರೋ ನಿಮಗಿಂತ ಮೊದಲು ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ, ಅಂದರೆ ತಣ್ಣಗಿನ ಎಂಜಿನ್ ಹೇಳುವ ಸತ್ಯ ನಿಮಗೆ ಕೇಳಿಸುವುದಿಲ್ಲ. ಈ ಕಾರಿನಲ್ಲಿರುವುದು 1248 ಸಿಸಿ ಫಿಯಟ್ ಮೂಲದ ಡೀಸೆಲ್ ಎಂಜಿನ್, ಟೈಮಿಂಗ್ ಬೆಲ್ಟಿನ ಬದಲು ಚೈನ್ ಇರುವಂಥದ್ದು. ಆಯಿಲ್ ಬದಲಿಸದೆ ಓಡಿಸಿದರೆ ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಸೋಲುತ್ತದೆ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಮೊದಲ ಕೆಲವು ಸೆಕೆಂಡು ಡಬ್ಬಿಯಲ್ಲಿ ಸರಪಳಿ ಅಲುಗಿಸಿದಂಥ ಸದ್ದು ಬರುತ್ತದೆ. ಆ ಸದ್ದು ಕೇಳಿದರೆ ಎಂಜಿನ್ ಬಿಚ್ಚುವ ಖರ್ಚನ್ನೇ ಸೇರಿಸಿ ಲೆಕ್ಕ ಹಾಕಿ.

ಡಿಪ್‌ಸ್ಟಿಕ್ ಎಳೆದು ಬಿಳಿ ಬಟ್ಟೆಗೆ ಒರೆಸಿ. ಡೀಸೆಲ್ ಗಾಡಿಯಲ್ಲಿ ಆಯಿಲ್ ಕಪ್ಪಗಿರುವುದು ಸಹಜ, ಅದಕ್ಕೆ ಗಾಬರಿ ಬೇಡ. ಗಸಿಯಂತೆ ಗಟ್ಟಿಯಾಗಿದ್ದರೆ ನಿರ್ಲಕ್ಷ್ಯ. ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ ಕೂಲೆಂಟ್ ಆಯಿಲಿಗೆ ಸೇರಿದೆ, ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಕೂಲೆಂಟ್ ಬಾಟಲಿಯಲ್ಲಿ ಎಣ್ಣೆ ತೇಲುತ್ತಿದ್ದರೂ ಅದೇ ಅರ್ಥ. ಬರೀ ತುಕ್ಕು ನೀರಿದ್ದರೆ ಕೂಲೆಂಟ್ ಬದಲು ಬೋರ್‌ವೆಲ್ ನೀರು ತುಂಬಿಸಿ ಓಡಿಸಿದ್ದಾರೆ. ನಮ್ಮ ಬಯಲುಸೀಮೆಯ ಗಡಸು ನೀರು ರೇಡಿಯೇಟರಿನೊಳಗೆ ಸುಣ್ಣ ಕಟ್ಟಿಸಿ ಕೊಳವೆಗಳನ್ನು ಮುಚ್ಚುತ್ತದೆ.

ಬ್ಯಾಟರಿ ತೋರಿಸುವ ವೋಲ್ಟೇಜು 12.6 ಇದ್ದರೆ ಪೂರ್ತಿ ಚಾರ್ಜ್, 12ಕ್ಕಿಂತ ಕೆಳಗಿದ್ದರೆ ಖಾಲಿ. ಯಾರ್ಡಿನಲ್ಲಿ ತಿಂಗಳುಗಟ್ಟಲೆ ನಿಂತ ಬ್ಯಾಟರಿ ಬಹುತೇಕ ಸತ್ತೇ ಇರುತ್ತದೆ, ಹೊಸದರ ಬೆಲೆಯನ್ನು ಲೆಕ್ಕದಲ್ಲಿ ಸೇರಿಸಿಬಿಡಿ. ನಿಮ್ಮ ಬ್ಯಾಟರಿಯಿಂದ ಜಂಪ್ ಕೊಟ್ಟು ಸ್ಟಾರ್ಟ್ ಮಾಡಿ, ಎಂಜಿನ್ ಓಡುತ್ತಿರುವಾಗ ವೋಲ್ಟೇಜು 13.8ರಿಂದ 14.5ರೊಳಗೆ ಬಂದರೆ ಆಲ್ಟರ್ನೇಟರ್ ಸರಿ. ಹೊಗೆ ನೋಡಿ. ಶುರುವಿನಲ್ಲಿ ಸ್ವಲ್ಪ ಬಿಳಿ ಹೊಗೆ ಬಂದು ನಿಂತರೆ ತೊಂದರೆಯಿಲ್ಲ. ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಉರಿಯುತ್ತಿದೆ, ಪಿಸ್ಟನ್ ರಿಂಗೋ ಟರ್ಬೋ ಕೈಕೊಟ್ಟಿದೆ. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಮುಚ್ಚಳ ಸಡಿಲಿಸಿ ಮೇಲೇ ಇಡಿ. ಸ್ವಲ್ಪ ನಡುಗಿದರೆ ಪರವಾಗಿಲ್ಲ, ಹೊಗೆ ಭುಸುಗುಟ್ಟಿ ಮುಚ್ಚಳ ಹಾರುವಂತಿದ್ದರೆ ಪಿಸ್ಟನ್ ರಿಂಗ್ ಸವೆದಿವೆ.

ಸ್ಕ್ಯಾನರ್ ಜೋಡಿಸಿದಾಗ ಒಂದೂ ಕೋಡ್ ಬರದಿದ್ದರೆ ಖುಷಿಪಡಬೇಡಿ. ಕೋಡ್ ಅಳಿಸಿ ಎಷ್ಟು ಕಿಲೋಮೀಟರ್ ಆಯಿತು ಎಂಬ ಸಾಲಿನಲ್ಲಿ 3 ಅಥವಾ 5 ಎಂದಿದ್ದರೆ ಯಾರೋ ಆಗಷ್ಟೇ ಒರೆಸಿದ್ದಾರೆ. ಮೀಟರ್ ತಿರುಗಿಸಿದ್ದಾರೆಯೇ ಎಂಬುದಕ್ಕೆ ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಹಿಂದಿನ ಸರ್ವಿಸ್ ದಾಖಲೆ ಕೇಳಿ ನೋಡಿ. ಸಿಗದಿದ್ದರೆ ಕ್ಲಚ್ ಪೆಡಲ್ ರಬ್ಬರ್, ಸ್ಟೀರಿಂಗ್, ಚಾಲಕನ ಸೀಟಿನ ಅಂಚು ನೋಡಿ. 60 ಸಾವಿರ ತೋರಿಸುವ ಮೀಟರಿನ ಕೆಳಗೆ ನುಣ್ಣಗೆ ಸವೆದ ಪೆಡಲ್ ಇರಬಾರದು.

ಅಪಘಾತದ ಗುರುತಿಗೆ ಬಣ್ಣ ನೋಡುವುದಕ್ಕಿಂತ ಬೋಲ್ಟ್ ನೋಡುವುದು ಒಳ್ಳೆಯದು. ಬಾನೆಟ್ ಮತ್ತು ಫೆಂಡರ್ ಬೋಲ್ಟುಗಳ ತಲೆಯ ಮೇಲೆ ಬಣ್ಣ ಕಿತ್ತಿದ್ದರೆ ಸ್ಪ್ಯಾನರ್ ಬಿದ್ದಿದೆ. ರೇಡಿಯೇಟರ್ ಮುಂದಿನ ಅಡ್ಡಪಟ್ಟಿ, ಎಂಜಿನ್ ಪಕ್ಕದ ತಗಡಿನ ಗೋಡೆ (ಏಪ್ರನ್), ಬಾಗಿಲ ಕಂಬಗಳಲ್ಲಿ ಕಂಪನಿಯ ಚುಕ್ಕೆ ವೆಲ್ಡಿಂಗ್ ಸಾಲಾಗಿ ಒಂದೇ ಅಳತೆಯಲ್ಲಿರುತ್ತದೆ, ಗ್ಯಾರೇಜಿನ ವೆಲ್ಡಿಂಗ್ ಉಬ್ಬುತಗ್ಗು. ಅಯಸ್ಕಾಂತ ಹಿಡಿಯದ ಜಾಗದಲ್ಲಿ ತಗ್ಗು ಮುಚ್ಚಲು ಪುಟ್ಟಿ ಮೆತ್ತಿದ್ದಾರೆ. ಬಾಗಿಲಿಗೆ ಪುಟ್ಟಿ ಇದ್ದರೆ ಬೆಲೆಯಲ್ಲಿ ಸರಿಮಾಡಿಕೊಳ್ಳಬಹುದು, ಕಂಬಕ್ಕೆ ಇದ್ದರೆ ಬೇಡ.

ನೀರಲ್ಲಿ ಮುಳುಗಿದ ಗಾಡಿಯದು ಇನ್ನೂ ದೊಡ್ಡ ಗೋಳು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಕಡೆ, 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತಕ್ಕೆ ಚೆನ್ನೈನಲ್ಲಿ ಎಷ್ಟೋ ಕಾರುಗಳು ಮುಳುಗಿದವು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ, ಹೊರಗೆ ತೊಳೆದವರು ಸುರುಳಿಯೊಳಗಿನ ಕೆಸರು ಗೆರೆಯನ್ನು ತೊಳೆದಿರುವುದಿಲ್ಲ. ಸ್ಟೆಪ್ನಿ ತೆಗೆದು ಗುಂಡಿಯ ತಳ ನೋಡಿ, ಸೀಟಿನ ಹಳಿಗಳ ಸಂದಿಗೆ ಟಾರ್ಚ್ ಹಾಕಿ ಮೆಕ್ಕಲು ಮಣ್ಣಿದೆಯೇ ನೋಡಿ. ವೈರಿನ ಕನೆಕ್ಟರ್ ಬಿಚ್ಚಿದಾಗ ಒಳಗೆ ಹಸಿರು ಕಿಲುಬು ಇದ್ದರೆ ಆ ಗಾಡಿ ಇವತ್ತು ಓಡಿದರೂ ಮುಂದಿನ ಮಳೆಗಾಲಕ್ಕೆ ಏರ್‌ಬ್ಯಾಗ್, ಎಬಿಎಸ್, ಪವರ್ ವಿಂಡೋ ಒಂದೊಂದಾಗಿ ಕೈ ಎತ್ತುತ್ತವೆ. ಸಾಮಾನ್ಯವಾಗಿ ರಿಪೇರಿ ಖರ್ಚು ವಿಮಾ ಮೌಲ್ಯದ ಶೇ 75ನ್ನು ದಾಟಿದ ಗಾಡಿಯನ್ನು ವಿಮಾ ಕಂಪನಿ ಪೂರ್ತಿ ನಷ್ಟವೆಂದು ಪರಿಗಣಿಸಿ ಸಾಲ್ವೇಜ್ (ಹಾಳಾದ ಗಾಡಿಗಳ) ಹರಾಜಿಗೆ ಬಿಡುತ್ತದೆ. ಬ್ಯಾಂಕಿನ ಹರಾಜು, ಸಾಲ್ವೇಜ್ ಹರಾಜು ಎರಡೂ ಒಂದೇ ಆ್ಯಪ್‌ನಲ್ಲಿ ಅಕ್ಕಪಕ್ಕ ಕಾಣಿಸಬಹುದು. ಶೀರ್ಷಿಕೆ ಓದದೆ ಕೂಗಬೇಡಿ.

ಯಾರ್ಡಿನಲ್ಲಿ ನಿಂತ ಗಾಡಿಗೇ ಅಂಟುವ ಕಾಯಿಲೆಗಳೂ ಇವೆ. ಇಲಿ ವೈರು ಕಡಿದಿರುತ್ತದೆ, ಅದಕ್ಕೆ ಏರ್ ಫಿಲ್ಟರ್ ಡಬ್ಬಿ ತೆಗೆದು ಗೂಡಿದೆಯೇ ನೋಡಿ. ಬ್ರೇಕ್ ಡ್ರಮ್ಮು ಹಿಡಿದುಕೊಂಡಿರುತ್ತದೆ, ಕ್ಲಚ್ ಪ್ಲೇಟ್ ಫ್ಲೈವ್ಹೀಲಿಗೆ ಅಂಟಿರುತ್ತದೆ. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಮೇಲಿನ ಗೀರುಗಳ ಆಳ 1.6 ಮಿಲಿಮೀಟರಿಗಿಂತ ಹೆಚ್ಚಿದ್ದರೂ ಆರು ವರ್ಷ ದಾಟಿ ಬಿಸಿಲಲ್ಲಿ ನಿಂತ ಟೈರು ಹೆದ್ದಾರಿಗೆ ಬೇಡ. ನಾಲ್ಕು ಟೈರು ನಾಲ್ಕು ಕಂಪನಿಯದಾಗಿದ್ದರೆ ಯಾರ್ಡಿನಲ್ಲೇ ಅದಲುಬದಲಾಗಿರಬಹುದು. ಕೊನೆಗೆ ಚಾಸಿ ನಂಬರ್. ಆರ್‌ಸಿಯಲ್ಲಿರುವ 17 ಅಕ್ಷರಗಳನ್ನು ಲೋಹದ ಮೇಲಿರುವುದಕ್ಕೆ ಒಂದೊಂದಾಗಿ ತಾಳೆ ನೋಡಿ, ಎಂಜಿನ್ ನಂಬರನ್ನೂ ಬಿಡಬೇಡಿ. ಮಾರುತಿಯದು ಎಂಎ3 ಎಂದು ಶುರುವಾಗುತ್ತದೆ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಮೇಲಿನಿಂದ ಕೆಳಕ್ಕೆ ಬನ್ನಿ. 4.20 ಲಕ್ಷ ನಿಜವಾಗಿ ಕೈ ಬದಲಾಗುವ ಬೆಲೆಯೋ ಜಾಹೀರಾತಿನ ಬೆಲೆಯೋ ಮೊದಲು ವಿಚಾರಿಸಿ, ನಿಜವೆಂದೇ ಇಟ್ಟುಕೊಳ್ಳೋಣ. ಬ್ಯಾಟರಿ 5,500, ನಾಲ್ಕು ಟೈರು 18,000, ಆಯಿಲ್, ಫಿಲ್ಟರ್, ಕೂಲೆಂಟ್ ಸೇರಿ ಸರ್ವಿಸ್ 9,000, ಬ್ರೇಕ್ ಪ್ಯಾಡ್ ಮತ್ತು ಶೂ 5,000, ಇನ್ಷೂರೆನ್ಸ್ 12,000, ನೆಲಮಂಗಲದಿಂದ ಗೌರಿಬಿದನೂರಿಗೆ ಟೋಯಿಂಗ್ 6,000, ಎರಡನೇ ಕೀ 7,000, ಹರಾಜು ಸಂಸ್ಥೆಯ ಶುಲ್ಕ ಮತ್ತು ಅದರ ಜಿಎಸ್‌ಟಿ 8,000, ಆರ್‌ಟಿಒ, ನಂಬರ್ ಪ್ಲೇಟ್, ಬಾಕಿ ದಂಡ 6,000. ಒಟ್ಟು 76,500. ಇವು ಅಂದಾಜು, ನಿಮ್ಮ ಮೆಕ್ಯಾನಿಕ್ ಕೊಟ್ಟ ಅಂಕಿ ಹಾಕಿ ತಿದ್ದಿಕೊಳ್ಳಿ. ಓಡಿಸದೆ ಕೊಳ್ಳುತ್ತಿರುವ ಅಪಾಯಕ್ಕೆ ಬೆಲೆಯ ಶೇ 12 ಅಂದರೆ 50,400 ತೆಗೆದಿಡಿ. 4.20 ಲಕ್ಷದಲ್ಲಿ ಎರಡನ್ನೂ ಕಳೆದರೆ ಉಳಿಯುವುದು 2,93,100. ನೀವು ನಿಲ್ಲಬೇಕಾದದ್ದು ಅಲ್ಲಿ. ಮೂಲ ಬೆಲೆಗಿಂತ ಬರೀ 13,000 ಮೇಲೆ! ಎದುರಿಗೆ ಕೂಗುವವರಲ್ಲಿ ಸ್ವಂತ ಗ್ಯಾರೇಜು ಇರುವ ವ್ಯಾಪಾರಿಗಳಿರುತ್ತಾರೆ, ಅವರಿಗೆ ಮೇಲಿನ ಖರ್ಚು ಅರ್ಧದಲ್ಲಿ ಮುಗಿಯುತ್ತದೆ. ಅವರು 3.20ರವರೆಗೂ ಹೋಗಬಲ್ಲರು, ನೀವು ಹೋದರೆ ನಷ್ಟ.

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುವಾಗ ಪಕ್ಕದವನಿಗೆ ರೇಟು ತಿಳಿಯುವುದಿಲ್ಲ. ಇಲ್ಲಿ ತದ್ವಿರುದ್ಧ, ರೇಟು ಏರುವುದು ಕಣ್ಣಿಗೆ ಕಾಣುತ್ತಲೇ ಇರುತ್ತದೆ, ಕೈ ಸುಮ್ಮನಿರುವುದಿಲ್ಲ. ಬಹಳಷ್ಟು ಆನ್‌ಲೈನ್ ಹರಾಜುಗಳಲ್ಲಿ ಕೊನೆಯ ನಿಮಿಷಗಳಲ್ಲಿ ಯಾರಾದರೂ ಕೂಗಿದರೆ ಸಮಯ ತಾನಾಗಿ ಮುಂದಕ್ಕೆ ಹೋಗುತ್ತದೆ, ಹಾಗಾಗಿ ಕೊನೇ ಸೆಕೆಂಡಿನ ಜಾಣತನ ನಡೆಯುವುದಿಲ್ಲ. ನಿಮ್ಮ ಮೊತ್ತವನ್ನು ಚೀಟಿಯಲ್ಲಿ ಬರೆದು ಎದುರಿಗಿಟ್ಟುಕೊಂಡು ಕೂರಿ. ಅತಿ ಹೆಚ್ಚು ಕೂಗಿದ ಮಾತ್ರಕ್ಕೆ ಗಾಡಿ ನಿಮ್ಮದಾಗುವುದೂ ಇಲ್ಲ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ರೇಟು ಬಂದ ಮೇಲೂ ರೈತ ಒಪ್ಪಬೇಕಲ್ಲ, ಹಾಗೇ ಇಲ್ಲಿ ಬ್ಯಾಂಕು ಒಪ್ಪಬೇಕು. ಒಪ್ಪಿಗೆಗೆ ಎಷ್ಟು ದಿನ, ಕೂಗುವ ಮೊದಲು ಕಟ್ಟಿದ ಠೇವಣಿ ಅಲ್ಲಿಯವರೆಗೆ ಎಲ್ಲಿರುತ್ತದೆ ಎಂಬುದು ಷರತ್ತಿನಲ್ಲಿರುತ್ತದೆ. ಗೆದ್ದು ದುಡ್ಡು ಕಟ್ಟದಿದ್ದರೆ ಠೇವಣಿ ಮುಟ್ಟುಗೋಲು. ಬಾಕಿ ಕಟ್ಟಲು ಕೊಡುವುದು ಕೆಲವೇ ದಿನ, ಅಷ್ಟರಲ್ಲಿ ಹಳೇ ಕಾರಿನ ಸಾಲ ಮಂಜೂರಾಗುವುದಿಲ್ಲ, ಹಣ ಖಾತೆಯಲ್ಲಿದ್ದರೆ ಮಾತ್ರ ಕೂಗಿ.

ದುಡ್ಡು ಸಂಸ್ಥೆಯ ಖಾತೆಗೇ ಹೋಗಲಿ. ಎರಡು ಲಕ್ಷ ಅಥವಾ ಹೆಚ್ಚಿನ ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ. 'ಬ್ಯಾಂಕ್ ಸೀಜ್ ಇನ್ನೋವಾ ಒಂದೂವರೆ ಲಕ್ಷ, ಐದು ಸಾವಿರ ಅಡ್ವಾನ್ಸ್ ಫೋನ್‌ಪೇ ಮಾಡಿ' ಎಂದು ವಾಟ್ಸ್ಆ್ಯಪ್‌ನಲ್ಲಿ ಸುತ್ತಾಡುವುದು ಹರಾಜಲ್ಲ, ಬರೀ ಮೋಸ.

ಹಣ ಕಟ್ಟಿದ ಮೇಲೆ ಮಾರಾಟ ಪತ್ರ, ಯಾರ್ಡಿಗೆ ಬಿಡುಗಡೆ ಪತ್ರ, ಗಾಡಿ ವಶಕ್ಕೆ ಪಡೆದಾಗ ಪೊಲೀಸರಿಗೆ ಬ್ಯಾಂಕು ಕೊಟ್ಟ ಮಾಹಿತಿ ಪತ್ರದ ನಕಲು, ಸಹಿಯಾದ ಫಾರಂಗಳು, ಎನ್‌ಒಸಿ ಇಷ್ಟೂ ಕೈಗೆ ಬರಬೇಕು. ಪಾರ್ಕಿಂಗ್ ಬಾಡಿಗೆ ಯಾವ ದಿನದಿಂದ ನಿಮ್ಮ ತಲೆಗೆ ಎಂದು ಕೇಳಿ, ತಡಮಾಡಿದರೆ ದಿನದ ಲೆಕ್ಕದಲ್ಲಿ ಏರುತ್ತದೆ. ನೋಡಲು ಹೋದ ದಿನವೇ ಬ್ಯಾಟರಿ, ಸ್ಟೀರಿಯೋ, ಸ್ಟೆಪ್ನಿ, ಜಾಕಿಯ ಫೋಟೊ ತೆಗೆದಿದ್ದರೆ, ಗೇಟಿನಲ್ಲಿ ಸಹಿ ಹಾಕುವ ಮೊದಲು ಹೋಲಿಸಿ ನೋಡಬಹುದು. ಗಾಡಿಯನ್ನು ಓಡಿಸಿಕೊಂಡು ಬರಬೇಡಿ, ಫ್ಲ್ಯಾಟ್‌ಬೆಡ್ ಮೇಲೆ ತನ್ನಿ. ಇನ್ಷೂರೆನ್ಸ್ ಇಲ್ಲದ ಗಾಡಿಗೆ ದಂಡ ಮೊದಲ ಸಲ 2,000, ಅದು ಸಣ್ಣ ವಿಷಯ. ದೊಡ್ಡಬಳ್ಳಾಪುರದ ರಸ್ತೆಯಲ್ಲಿ ಯಾರಿಗಾದರೂ ತಗುಲಿದರೆ ಪರಿಹಾರ ಮನೆಮಠ ಮಾರಿ ಕಟ್ಟಬೇಕಾದೀತು. ಈ ಎಂಜಿನ್ ಅಳತೆಗೆ ಥರ್ಡ್ ಪಾರ್ಟಿ ಪ್ರೀಮಿಯಂ 2022ರ ಜೂನ್‌ನ ದರದಲ್ಲಿ 3,416 ರೂಪಾಯಿ, ಜೊತೆಗೆ ತೆರಿಗೆ. ಮಾರಾಟ ಪತ್ರ ತೋರಿಸಿ ಪಾಲಿಸಿ ಯಾರ ಹೆಸರಿಗೆ ಎಂದು ವಿಮಾ ಕಂಪನಿಯ ಜೊತೆ ಮೊದಲೇ ಮಾತಾಡಿ, ಏಕೆಂದರೆ ವರ್ಗಾವಣೆ ಅರ್ಜಿಗೆ ಚಾಲ್ತಿ ಇನ್ಷೂರೆನ್ಸ್ ಬೇಕೇ ಬೇಕು. ರಾಜ್ಯದೊಳಗಿನ ಗಾಡಿಯಾದ್ದರಿಂದ ವರ್ಗಾವಣೆ ವಿಚಾರವನ್ನು ಕಾಯ್ದೆಯ ಪ್ರಕಾರ ಮಾರಿದವರು 14 ದಿನದೊಳಗೆ, ಕೊಂಡ ನೀವು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು.

ಜೀಪಿನ ವಿಷಯ ಚಿಕ್ಕದು. 2023ರ ಏಪ್ರಿಲ್ 1ರಿಂದ 15 ವರ್ಷ ತುಂಬಿದ ಸರ್ಕಾರಿ ವಾಹನಗಳ ನೋಂದಣಿ ಮುಗಿಯುತ್ತದೆ, ಅವು ನೋಂದಾಯಿತ ಗುಜರಿ ಕೇಂದ್ರಕ್ಕೇ ಹೋಗಬೇಕು. ಎಷ್ಟೇ ಗಟ್ಟಿಮುಟ್ಟಾಗಿದ್ದರೂ ರಸ್ತೆಗೆ ತರಲಾಗದು. 15 ವರ್ಷದೊಳಗಿನದಾದರೆ ಬೇರೆ ಮಾತು. ಆಗ ಫಾರಂ 32ರಲ್ಲಿ, ಗಾಡಿ ಕೈಗೆ ಬಂದ 30 ದಿನದೊಳಗೆ ಅರ್ಜಿ ಹಾಕಬೇಕು. ಜೊತೆಗೆ ಆರ್‌ಸಿ, ಇನ್ಷೂರೆನ್ಸ್, ಹರಾಜು ನಡೆಸಿದ ಅಧಿಕಾರಿ ಸಹಿ ಮಾಡಿದ ಮಾರಾಟ ದೃಢೀಕರಣ, ಹರಾಜಿಗೆ ಅನುಮತಿ ಕೊಟ್ಟ ಸರ್ಕಾರಿ ಆದೇಶದ ದೃಢೀಕೃತ ನಕಲು ಇರಬೇಕು. ಕೊನೆಯದನ್ನು ಹರಾಜಿನ ದಿನವೇ ಕೇಳಿ ಪಡೆಯಿರಿ, ಅಧಿಕಾರಿ ವರ್ಗವಾಗಿ ಹೋದ ಮೇಲೆ ಕಡತ ಹುಡುಕಿಸುವುದು ಕಷ್ಟ.

ಪೊಲೀಸ್ ಠಾಣೆಯ ಬೈಕು, ಅಬಕಾರಿ ಇಲಾಖೆ ಮುಟ್ಟುಗೋಲು ಹಾಕಿಕೊಂಡ ಗಾಡಿಗಳಿಗೂ ಇದೇ ಫಾರಂ 32. ಮುಟ್ಟುಗೋಲಿನ ಆದೇಶದ ಮೇಲೆ ಹಳೇ ಮಾಲೀಕ ಮೇಲ್ಮನವಿ ಹಾಕಿದ್ದಾನೆಯೇ, ಅವಧಿ ಮುಗಿದಿದೆಯೇ ಎಂದು ಕೇಳಿ. ಇಲ್ಲದಿದ್ದರೆ ನೀವು ಕೊಂಡ ಗಾಡಿಯ ಮೇಲೆ ವ್ಯಾಜ್ಯ ನಡೆಯುತ್ತಿರುತ್ತದೆ. ಠಾಣೆಯ ಬೈಕುಗಳು ಹತ್ತಿಪ್ಪತ್ತು ಒಟ್ಟಿಗೆ ಒಂದೇ ಲಾಟಾಗಿ ಬಂದರೆ ಗುಜರಿಯವರೇ ಕೊಳ್ಳುತ್ತಾರೆ, 'ಗುಜರಿಗೆ ಮಾತ್ರ' ಎಂದಿದ್ದರೆ ಮತ್ತೆ ನೋಂದಣಿ ಆಗದು. ಬಿಡಿಯಾಗಿ ಹರಾಜಾಗುವ, ನಂಬರ್ ಪ್ಲೇಟ್ ಇಲ್ಲದ ಅಥವಾ ಸುಳ್ಳು ನಂಬರಿನ ಬೈಕಿಗೆ ಆರ್‌ಟಿಒ ಹೊಸ ನಂಬರ್ ಕೊಡಲು ನಿಯಮವಿದೆ. ಆದರೆ ಆದೇಶದಲ್ಲಿರುವ ಚಾಸಿ ನಂಬರೂ ಬೈಕಿನ ಮೇಲಿರುವುದೂ ಒಂದೇ ಆಗಿರಬೇಕು. ಟೈಪ್ ಮಾಡುವಾಗ 8 ಇದ್ದದ್ದು 3 ಆಗಿರುವುದು, ಬಿ ಇದ್ದದ್ದು 8 ಆಗಿರುವುದು ಸಾಮಾನ್ಯ. ಆ ಒಂದು ಅಕ್ಷರ ತಿದ್ದಿಸಲು ಆದೇಶ ಕೊಟ್ಟ ಕೋರ್ಟಿಗೋ ಕಚೇರಿಗೋ ಮತ್ತೆ ಅರ್ಜಿ ಹಾಕಬೇಕಾಗುತ್ತದೆ. ಹಾಗಾಗಿ ದುಡ್ಡು ಕಟ್ಟುವ ಮೊದಲೇ ಆದೇಶದ ನಕಲು ಹಿಡಿದು ಬೈಕಿನ ಹತ್ತಿರ ಹೋಗಿ, ಚಾಸಿ ಮೇಲಿನ ಗ್ರೀಸ್ ಒರೆಸಿ, ಪೆನ್ಸಿಲ್ಲಿನಿಂದ ಕಾಗದದ ಮೇಲೆ ಉಜ್ಜಿ ನಂಬರಿನ ಅಚ್ಚು ತೆಗೆದುಕೊಳ್ಳಿ.